ಹಳ್ಳಿಮದ್ದು, ಆಯುರ್ವೇದ ಮತ್ತು ಮುನ್ಸಿಪಲ್ ಆಸ್ಪತ್ರೆ: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬೈನ ಒಂದು ಮುನ್ಸಿಪಲ್ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ 22 ವರ್ಷದಿಂದ ಮಾತ್ರೆ ಕೊಡುತ್ತಿದ್ದೇನೆ. ಭಾನುವಾರ ಬಿಡುವಾದಾಗ ನಮ್ಮ ಕನ್ನಡದವರ ಆರೋಗ್ಯ ಶಿಬಿರಗಳಿಗೆ ಹೋಗುತ್ತೇನೆ. ಡೊಂಬಿವಲಿಯ ಹೋಟೆಲ್ ಕುಟುಂಬದವರು ಬರುತ್ತಾರೆ. ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರ ಕಡೆಯವರೂ ಬರುತ್ತಾರೆ. ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಆಯುರ್ವೇದವನ್ನು ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಸೇರಿಸುವುದು ಅಂತಾರಲ್ಲ, ಹಾಗಂದರೆ ಏನು?

ಒಂದೇ ಸೂರಿನಡಿ ಎರಡು ಬೋರ್ಡು ಹಾಕುವುದು ಅಂತ ಜಾಸ್ತಿ ಜನ ತಿಳಿದಿದ್ದಾರೆ. 5ನೇ ನಂಬರ್ ಕೋಣೆಯಲ್ಲಿ ಎಂಬಿಬಿಎಸ್ ಡಾಕ್ಟರ್, 6ನೇ ಕೋಣೆಯಲ್ಲಿ ಆಯುರ್ವೇದ ಡಾಕ್ಟರ್. ಸರ್ಕಾರವೂ ಬಹುಪಾಲು ಇದನ್ನೇ ಮಾಡಿದೆ. ಆದರೆ 5ರವರು ಏನು ಕೊಟ್ಟರು ಅಂತ 6ರವರಿಗೆ ಗೊತ್ತಿಲ್ಲದಿದ್ದರೆ, 6ರಲ್ಲಿ ಕೊಟ್ಟ ಕಷಾಯ 5ರವರ ಚೀಟಿಯಲ್ಲಿ ಇಲ್ಲದಿದ್ದರೆ, ಅದು ಸೇರಿಸಿದ್ದಲ್ಲ, ಪಕ್ಕಪಕ್ಕ ಕೂರಿಸಿದ್ದು ಅಷ್ಟೇ.

ನನ್ನ ಮಟ್ಟಿಗೆ ಸೇರುವುದು ಅಂದರೆ ಮೂರು ಕೆಲಸ ಆಗಬೇಕು. ಯಾವ ಮದ್ದು ಯಾವ ಕಾಯಿಲೆಗೆ ನಿಜಕ್ಕೂ ಕೆಲಸ ಮಾಡುತ್ತದೆ ಅಂತ ಪರೀಕ್ಷೆ ಮಾಡಿ ನೋಡಿರಬೇಕು. ಮದ್ದಿನ ಗುಣಮಟ್ಟದ ಮೇಲೆ ಕಣ್ಣಿಟ್ಟಿರಬೇಕು. ಆಮೇಲೆ ರೋಗಿ ತಗೊಳ್ಳುವ ಎಲ್ಲಾ ಮದ್ದೂ ಒಂದೇ ಕೇಸ್ ಪೇಪರಿನಲ್ಲಿ ಇರಬೇಕು. ಈ ಮೂರನೆಯದಕ್ಕೆ ಖರ್ಚೇ ಇಲ್ಲ. ಆದರೂ ಅದೇ ಆಗುತ್ತಿಲ್ಲ, ಅದೇ ನನಗೆ ಬೇಸರ.

ಇದು ಈಗಿನ ಸರ್ಕಾರ ಶುರು ಮಾಡಿದ್ದಾ?

ಅಲ್ಲ, ತುಂಬಾ ಹಳೇದು. ವೈದ್ಯರನ್ನೂ ಹಕೀಮರನ್ನೂ ನೋಂದಾಯಿಸುವ ಕಾನೂನು ಬಾಂಬೆ ಪ್ರಾಂತ್ಯದಲ್ಲಿ 1938ರಲ್ಲೇ ಬಂತು. ವರ್ಲಿಯ ಪೋದಾರ್ ಆಯುರ್ವೇದ ಕಾಲೇಜು 1941ರದ್ದು. ಸ್ವಾತಂತ್ರ್ಯದ ಹೊತ್ತಿಗೆ ಎರಡು ಸಮಿತಿ ಕೂತವು. 1946ರ ಭೋರ್ ಸಮಿತಿ ದೇಶಿ ಪದ್ಧತಿಗಳ ವಿಷಯವನ್ನು ಪ್ರಾಂತ್ಯಗಳಿಗೇ ಬಿಟ್ಟಿತು. 1948ರ ಚೋಪ್ರಾ ಸಮಿತಿ ಎರಡನ್ನೂ ಬೆಸೆಯಬೇಕು ಅಂದಿತು. 1978ರಲ್ಲಿ ಅಲ್ಮಾ-ಆಟಾದಲ್ಲಿ ನಡೆದ ಜಾಗತಿಕ ಆರೋಗ್ಯ ಸಮ್ಮೇಳನದ ಘೋಷಣೆಯಲ್ಲಿ, ಬೇಕಾದ ಕಡೆ ಸಾಂಪ್ರದಾಯಿಕ ವೈದ್ಯರನ್ನೂ ಪ್ರಾಥಮಿಕ ಆರೋಗ್ಯದ ಕೆಲಸಕ್ಕೆ ಸೇರಿಸಿಕೊಳ್ಳಬಹುದು ಅಂತ ಬಂತು. ನಮ್ಮಲ್ಲಿ 1995ರಲ್ಲಿ ಇದಕ್ಕೆ ಪ್ರತ್ಯೇಕ ಇಲಾಖೆ, 2003ರಲ್ಲಿ ಅದಕ್ಕೆ ಆಯುಷ್ (ಆಯುರ್ವೇದ, ಯೋಗ, ಯುನಾನಿ, ಸಿದ್ಧ, ಹೋಮಿಯೋಪತಿ ಎಲ್ಲ ಸೇರಿ) ಅಂತ ಹೆಸರು, 2014ರಲ್ಲಿ ಪೂರ್ತಿ ಸಚಿವಾಲಯ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆಯುಷ್ ಡಾಕ್ಟರುಗಳನ್ನು ಕೂರಿಸಲು ದೊಡ್ಡದಾಗಿ ಹೊರಟಿದ್ದು 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಾಮ್‌ನಗರದಲ್ಲಿ ಸಾಂಪ್ರದಾಯಿಕ ವೈದ್ಯಕ್ಕೆ ಜಾಗತಿಕ ಕೇಂದ್ರವನ್ನೇ ತೆರೆಯಿತು.

ನಮ್ಮ ಕಡೆ ಸರ್ಕಾರಿ ಆಯುರ್ವೇದ, ಪ್ರಕೃತಿ ಚಿಕಿತ್ಸೆ ಎಲ್ಲಿ ಸಿಗುತ್ತದೆ?

ಮುಂಬೈಯಲ್ಲಿ ವರ್ಲಿಯ ಪೋದಾರ್ ಆಸ್ಪತ್ರೆ ಎಲ್ಲರಿಗೂ ಗೊತ್ತು. ಪುಣೆಯವರಿಗೆ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆ ಇದೆ, ಗಾಂಧೀಜಿ ಉಳಿದುಕೊಂಡು ಪ್ರಕೃತಿ ಚಿಕಿತ್ಸೆ ನಡೆಸಿದ ಜಾಗವೇ ಅದು. ಗೋವಾದ ಧಾರ್ಗಳದಲ್ಲಿ ಅಖಿಲ ಭಾರತ ಆಯುರ್ವೇದ ಸಂಸ್ಥೆಯ ಆಸ್ಪತ್ರೆ 2022ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು, ಕಾರವಾರ ಕಡೆಯವರಿಗೂ ಅದು ಅಷ್ಟೇನೂ ದೂರವಲ್ಲ.

ನಮ್ಮ ಚಾಳಿನ ಡಾಕ್ಟರ್ ಬಿಎಎಂಎಸ್. ಆದರೆ ಕೊಡೋದೆಲ್ಲ ಇಂಗ್ಲಿಷ್ ಮದ್ದು. ಇದು ಸರಿಯಾ?

ಇದನ್ನು ಕೇಳದ ಶಿಬಿರವೇ ಇಲ್ಲ. ಮೊದಲು ಒಂದು ಮಾತು. ಬಿಎಎಂಎಸ್ ಅಂದರೆ ಆಯುರ್ವೇದದ ಪದವಿ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಅಂಗರಚನೆಯಿಂದ ಹೆರಿಗೆಯವರೆಗೆ ಅವರೂ ಓದಿರುತ್ತಾರೆ. ಅವರು ನಕಲಿ ಡಾಕ್ಟರುಗಳಲ್ಲ. ಮಹಾರಾಷ್ಟ್ರದಲ್ಲಿ 108 ಆಂಬುಲೆನ್ಸ್ ಕರೆದರೆ ಒಳಗೆ ಇರುವುದು ಹೆಚ್ಚಾಗಿ ಬಿಎಎಂಎಸ್ ಡಾಕ್ಟರೇ. ಶಾಲೆ, ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುವ ಸರ್ಕಾರಿ ತಂಡದಲ್ಲಿ ಇಬ್ಬರು ಆಯುಷ್ ಡಾಕ್ಟರ್ ಇರಬೇಕು ಅಂತಲೇ ನಿಯಮ. ಹಳ್ಳಿಯ ಉಪಕೇಂದ್ರಗಳಲ್ಲೂ ಆರು ತಿಂಗಳ ತರಬೇತಿ ಪಡೆದ ಬಿಎಎಂಎಸ್‌ನವರು ಬಿಪಿ, ಶುಗರ್ ನೋಡುತ್ತಿದ್ದಾರೆ. ಅವರಿಲ್ಲದಿದ್ದರೆ ಅಲ್ಲಿ ಯಾರೂ ಇರುತ್ತಿರಲಿಲ್ಲ.

ನೋಡಿ, ಇಲ್ಲಿ ಒಂದು ವಿಚಿತ್ರವಿದೆ. ಸರ್ಕಾರ ಸೇರಿಸಿಕೊಂಡಿದ್ದು ಆಯುರ್ವೇದದ ಡಾಕ್ಟರನ್ನು, ಆಯುರ್ವೇದವನ್ನಲ್ಲ. ಕೆಲಸವೆಲ್ಲ ಆಧುನಿಕ ವೈದ್ಯದ್ದು, ಸಂಬಳ ಎಷ್ಟೋ ಕಡೆ ಕಡಿಮೆ. ಇದು ಆ ಡಾಕ್ಟರಿಗೂ ಅನ್ಯಾಯ, ಅವರು ಓದಿದ ವಿದ್ಯೆಗೂ ಅನ್ಯಾಯ.

ಕಾನೂನಿನ ವಿಷಯಕ್ಕೆ ಬಂದರೆ, ಯಾರು ಯಾವ ಮದ್ದು ಬರೆಯಬಹುದು ಅನ್ನುವುದು ರಾಜ್ಯದ ಕಾನೂನಿನ ಮೇಲೆ ನಿಂತಿದೆ. ಮಹಾರಾಷ್ಟ್ರ ಬಿಎಎಂಎಸ್‌ನವರಿಗೆ ಒಂದಿಷ್ಟು ಅವಕಾಶ ಕೊಟ್ಟಿದೆ. ಹೋಮಿಯೋಪತಿಯವರು ಒಂದು ವರ್ಷದ ಔಷಧಶಾಸ್ತ್ರದ ಕೋರ್ಸ್ ಮಾಡಿ ಬರೆಯಬಹುದು ಅಂತ 2014ರಲ್ಲಿ ಕಾನೂನು ತಿದ್ದಿತು. ಎಂಬಿಬಿಎಸ್ ಡಾಕ್ಟರುಗಳ ಸಂಘ ಅದನ್ನು ಈಗಲೂ ಒಪ್ಪುವುದಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಒಂದು ಪ್ರಕರಣ ನಮ್ಮ ಮುಂಬೈಯದೇ. ಹೋಮಿಯೋಪತಿ ಡಾಕ್ಟರೊಬ್ಬರು ಜ್ವರದ ರೋಗಿಗೆ ಇಂಗ್ಲಿಷ್ ಮದ್ದು ಕೊಡುತ್ತಾ ಹೋದರು, ರೋಗಿ ತೀರಿಕೊಂಡರು. ತಾನು ಕಲಿಯದ ಪದ್ಧತಿಯ ಮದ್ದು ಕೊಟ್ಟಿದ್ದೇ ನಿರ್ಲಕ್ಷ್ಯ, ಬೇರೆ ಸಾಕ್ಷಿ ಬೇಕಿಲ್ಲ ಅಂತ ಕೋರ್ಟ್ ಹೇಳಿ 3 ಲಕ್ಷ ಪರಿಹಾರ ಕೊಡಿಸಿತು.

ನಿಮಗೆ ನಾನು ಹೇಳುವುದು ಇಷ್ಟೇ. ಗೋಡೆ ಮೇಲಿನ ಸರ್ಟಿಫಿಕೇಟ್ ನೋಡಿ. ಕೊಟ್ಟ ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಕಾಗದದ ಪೊಟ್ಟಣದಲ್ಲಿ ಮೂರು ಬಣ್ಣದ ಬಿಡಿ ಮಾತ್ರೆ ಕಟ್ಟಿ ಕೊಟ್ಟು ಹೆಸರು ಹೇಳದವರ ಹತ್ತಿರ, ಯಾವ ಪದವಿ ಇದ್ದರೂ, ಇನ್ನೊಮ್ಮೆ ಹೋಗಬೇಡಿ.

ಎರಡೂ ಮದ್ದು ಒಟ್ಟಿಗೆ ತಗೊಳ್ಳಬಹುದಾ?

ಕೆಲವನ್ನು ತಗೊಳ್ಳಬಹುದು, ಕೆಲವನ್ನು ಕೂಡದು. ಯಾವುದನ್ನು ಅಂತ ಹೇಳಬೇಕಾದರೆ ನೀವು ಏನೇನು ತಗೊಳ್ಳುತ್ತೀರಿ ಅಂತ ಯಾರಿಗಾದರೂ ಗೊತ್ತಿರಬೇಕಲ್ವಾ?

ನಮ್ಮ ಮನೆಯದೇ ಹೇಳುತ್ತೇನೆ. ನನ್ನ ಅತ್ತೆ ಕುಂದಾಪುರದ ಕಡೆಯವರು, ನಮ್ಮ ಜೊತೆ ಡೊಂಬಿವಲಿಯಲ್ಲಿ ಇದ್ದರು. ಬಿಪಿಗೆ ಮಾತ್ರೆ ನಡೆಯುತ್ತಿತ್ತು, ಅದರಲ್ಲಿ ಮೂತ್ರ ಜಾಸ್ತಿ ಮಾಡುವ ಮದ್ದೂ ಸೇರಿತ್ತು. ಒಂದು ಚಳಿಗಾಲ ಕಾಲಲ್ಲಿ ಬಲವೇ ಇಲ್ಲ ಅನ್ನತೊಡಗಿದರು. ಬಚ್ಚಲಿನಿಂದ ಎದ್ದು ಬರಲು ಗೋಡೆ ಹಿಡಿಯಬೇಕು. ಬಿಪಿ ಮಾತ್ರೆ ನುಂಗಿದರೂ ಇಳಿಯುತ್ತಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ತೀರಾ ಇಳಿದಿತ್ತು. ಡಾಕ್ಟರ್ ಕೇಳಿದರು, "ಅಜ್ಜಿ, ಬೇರೆ ಯಾವುದಾದರೂ ಮದ್ದು ತಗೊಳ್ತೀರಾ?" ಅತ್ತೆ ಹೇಳಿದರು, "ಇಲ್ಲಪ್ಪ." ಸುಳ್ಳು ಹೇಳಲಿಲ್ಲ ಅವರು. ನಾಲ್ಕು ದಿನ ಬಾಟಲಿ ಏರಿಸಿದರು, ಸ್ಕ್ಯಾನ್ ಮಾಡಿಸಿದರು, ಕಾರಣ ಸಿಗಲಿಲ್ಲ, ಮನೆಗೆ ಕಳಿಸಿದರು.

ಮನೆಗೆ ಬಂದ ಮರುದಿನ ಬೆಳಗ್ಗೆ ನಾನು ಅಡುಗೆಮನೆಗೆ ಹೋದರೆ ಅತ್ತೆ ಸ್ಟೂಲ್ ಮೇಲೆ ಕೂತು ಸಣ್ಣ ಕುಟ್ಟಾಣಿಯಲ್ಲಿ ಏನೋ ಜಜ್ಜುತ್ತಿದ್ದರು. ಹಳದಿ ಬಣ್ಣದ ಕಡ್ಡಿ, ನಾರು ನಾರಾಗಿ ಬಿಚ್ಚಿಕೊಂಡಿತ್ತು. ಜೇಷ್ಠಮಧು, ಕೆಲವರು ಅತಿಮಧುರ ಅಂತಾರಲ್ಲ, ಅದು. ಗಂಟಲು ಕೆರೆತಕ್ಕೆ ಅಂತ ದೀಪಾವಳಿಯಿಂದ ದಿನಾ ಎರಡು ಲೋಟ ಕಷಾಯ ಕುಡಿದಿದ್ದರಂತೆ. ಕಡ್ಡಿ ತಂದುಕೊಟ್ಟಿದ್ದು ಯಾರು ಅಂದರೆ ನಾನೇ, ಸ್ಟೇಷನ್ ಹತ್ತಿರದ ಗಿಡಮೂಲಿಕೆ ಅಂಗಡಿಯಿಂದ. ಒಂದು ಕಡ್ಡಿ ಅಂತ ತಂದಿದ್ದೆ, ಆಮೇಲೆ ಅವರು ಪಕ್ಕದ ಮನೆಯವರಿಂದ ತರಿಸುತ್ತಿದ್ದರು. ಜೇಷ್ಠಮಧುವನ್ನು ಜಾಸ್ತಿ ದಿನ, ಜಾಸ್ತಿ ಪ್ರಮಾಣದಲ್ಲಿ ತಗೊಂಡರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಮೂತ್ರ ಜಾಸ್ತಿ ಮಾಡುವ ಮಾತ್ರೆ ಜೊತೆ ಸೇರಿದರೆ ಇನ್ನೂ ಇಳಿಯುತ್ತದೆ. ಕಷಾಯ ನಿಲ್ಲಿಸಿದೆವು. ಕೆಲವು ವಾರದಲ್ಲಿ ಅತ್ತೆ ಗೋಡೆ ಬಿಟ್ಟು ನಡೆದರು.

ಅತ್ತೆಗೆ ಕಷಾಯ "ಮದ್ದು" ಆಗಿರಲೇ ಇಲ್ಲ. ಅದು ಕಾಫಿಯ ಹಾಗೆ ಅಡುಗೆಮನೆಯ ವಸ್ತು. ಡಾಕ್ಟರ್ ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಅವತ್ತಿನಿಂದ ನಾನು ಕಿಟಕಿಯಲ್ಲಿ ಹೀಗೆ ಕೇಳುತ್ತೇನೆ: "ಬೆಳಗ್ಗೆ ಎದ್ದು ರಾತ್ರಿ ಮಲಗುವ ತನಕ ಬಾಯಿಗೆ ಏನೇನು ಹಾಕ್ತೀರಿ? ಕಷಾಯ, ಪುಡಿ, ರಸ, ಲೇಹ್ಯ, ಊರಿಂದ ಬಂದಿದ್ದು?" ಆಗ ಪಟ್ಟಿ ಬರುತ್ತದೆ.

ನೆನಪಿಟ್ಟುಕೊಳ್ಳಬೇಕಾದ ಇನ್ನು ಕೆಲವು. ಶುಗರ್ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಜೊತೆ ಹಾಗಲಕಾಯಿ ರಸ, ಮೆಂತ್ಯದ ಪುಡಿ ಜೋರಾಗಿ ಶುರು ಮಾಡಿದರೆ ಶುಗರ್ ದಿಢೀರ್ ಇಳಿದು ತಲೆ ತಿರುಗಬಹುದು. ಇಸಬಗೋಲು ಬೇರೆ ಮಾತ್ರೆಗಳನ್ನು ಮೈಗೆ ಹತ್ತಲು ಬಿಡುವುದಿಲ್ಲ, ನಡುವೆ ಎರಡು ಗಂಟೆ ಅಂತರವಿರಲಿ. ರಕ್ತ ತೆಳುವಾಗುವ ವಾರ್ಫರಿನ್ ತಗೊಳ್ಳುವವರು ಹೇಳದೆ ಕೇಳದೆ ಏನನ್ನೂ ಸೇರಿಸಬೇಡಿ. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಎಲ್ಲವನ್ನೂ ಹೇಳಿ.

ಹೇಳಿದರೆ ಡಾಕ್ಟರ್ ಬೈತಾರೆ. ಅದಕ್ಕೇ ಹೇಳಲ್ಲ.

ಬೈತಾರೆ, ನಿಜ. ಕಿಟಕಿಯಲ್ಲಿ ಕೂತು ನಾನೂ ಕೇಳಿಸಿಕೊಂಡಿದ್ದೇನೆ. 200 ಜನರ ಸಾಲು, ಒಬ್ಬರಿಗೆ ಎರಡು ನಿಮಿಷ, ಆ ಆತುರದಲ್ಲಿ "ಆ ಪುಡಿ ಎಲ್ಲ ಬಿಸಾಕಿ" ಅಂದುಬಿಡುತ್ತಾರೆ. ಮುಂದಿನ ಸಲ ರೋಗಿ ಪುಡಿಯನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾರೆ. ಡಾಕ್ಟರುಗಳು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ: ಬೈಯುವ ಮೊದಲು ಬರೆದುಕೊಳ್ಳಿ.

ರೋಗಿಗಳಿಗೆ ಒಂದು ಉಪಾಯ. ಡಾಕ್ಟರ ಮುಂದೆ ಹೇಳಲು ಅಂಜಿಕೆಯಾದರೆ ಸಿಸ್ಟರಿಗೆ ಹೇಳಿ, ಔಷಧಿ ಕಿಟಕಿಯಲ್ಲಿ ಹೇಳಿ. ಮರಾಠಿ, ಹಿಂದಿ ಬರದಿದ್ದರೆ ಪೊಟ್ಟಣವನ್ನೇ ತೋರಿಸಿ.

ಅಮೃತಬಳ್ಳಿ ಒಳ್ಳೇದಾ, ಕೆಟ್ಟದ್ದಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಎರಡೂ ಕಥೆ ಮುಂಬೈಯಲ್ಲೇ ಇದೆ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಆಯುರ್ವೇದದ ಸಂಶೋಧನಾ ಕೇಂದ್ರವಿದೆ. ಅಲ್ಲಿ ಡಾ. ಶಾರದಿನಿ ಡಹಾಣೂಕರ್ ಮತ್ತು ಅವರ ಜೊತೆಯವರು ಅಮೃತಬಳ್ಳಿಯನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಪಿತ್ತನಾಳ ಕಟ್ಟಿಕೊಂಡು ಕಾಮಾಲೆಯಾದ ರೋಗಿಗಳಿಗೆ ಆಪರೇಷನ್‌ಗೆ ಮೊದಲು ಕೊಟ್ಟು, ಕೊಡದವರ ಜೊತೆ ಹೋಲಿಸಿ ನೋಡಿದರು. ಕೊಟ್ಟವರಲ್ಲಿ ಸೋಂಕು ಮತ್ತು ಸಾವು ಕಡಿಮೆ ಅಂತ 1993ರಲ್ಲಿ ವರದಿ ಮಾಡಿದರು. ಆ ಪರೀಕ್ಷೆಯಲ್ಲಿ ಇದ್ದ ರೋಗಿಗಳು ಕಡಿಮೆ. ಆದರೂ ಮುನ್ಸಿಪಲ್ ಆಸ್ಪತ್ರೆಯಲ್ಲೇ, ಸರ್ಜನ್ ಮತ್ತು ಆಯುರ್ವೇದ ತಿಳಿದವರು ಕೂಡಿ ಮಾಡಿದ ಕೆಲಸ ಅದು. ನನಗೆ ಅದರ ಬಗ್ಗೆ ತುಂಬಾ ಗೌರವ.

ಆಮೇಲೆ ಕೋವಿಡ್ ಬಂತು. ಮನೆಮನೆಯಲ್ಲಿ ಅಮೃತಬಳ್ಳಿ ಕಷಾಯ. 2020ರ ಕೊನೆಯ ನಾಲ್ಕು ತಿಂಗಳಲ್ಲಿ ಆರು ಜನ ಲಿವರ್ ಕೆಟ್ಟು ಬಂದರು, ಆರೂ ಜನ ಅಮೃತಬಳ್ಳಿ ತಗೊಂಡಿದ್ದರು ಅಂತ ಮುಂಬೈನ ಲಿವರ್ ತಜ್ಞರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಸೇರಿರಬಹುದು ಅಂದಿತು. ಆಮೇಲೆ ಬೇರೆ ಊರಿನ ಆಸ್ಪತ್ರೆಗಳಿಂದಲೂ ಅಂಥ ರೋಗಿಗಳ ವರದಿ ಬಂತು.

ಹಾಗಾದರೆ ಏನು ಮಾಡೋಣ? ಮೈಯ ಪ್ರತಿರೋಧ ಶಕ್ತಿಯೇ ತನ್ನ ಅಂಗದ ಮೇಲೆ ತಿರುಗಿ ಬೀಳುವ ಕಾಯಿಲೆ, ಅಂದರೆ ಕೆಲವು ಬಗೆಯ ಥೈರಾಯ್ಡ್, ಸಂಧಿವಾತ, ಲಿವರ್ ತೊಂದರೆ ಇರುವವರು ಅದರ ಗೋಜಿಗೇ ಹೋಗಬೇಡಿ. ಉಳಿದವರೂ ತಿಂಗಳುಗಟ್ಟಲೆ ಸುಮ್ನೆ ಕುಡಿಯಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ಬನ್ನಿ. ಕುಂಡದಲ್ಲಿ ಬೆಳೆಸಿದ್ದು ಅಮೃತಬಳ್ಳಿಯೇ ಹೌದಾ ಅಂತ ತಿಳಿದವರಿಗೆ ತೋರಿಸಿ.

ಕಾಮಾಲೆಗೆ ಊರಿನ ಮದ್ದೇ ಬೇಕು ಅಂತಾರೆ. ರಜೆ ಹಾಕಿ ಊರಿಗೆ ಹೋಗಲಾ?

ಮೊದಲು ಇಲ್ಲೇ ರಕ್ತ ಪರೀಕ್ಷೆ ಮಾಡಿಸಿ. ಕಾಮಾಲೆ ಒಂದು ರೋಗವಲ್ಲ, ಹತ್ತಾರು ರೋಗದ ಲಕ್ಷಣ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ಆಗ ಯಾವ ಮದ್ದು ಕೊಟ್ಟವರಿಗೂ ಹೆಸರು ಬರುತ್ತದೆ. ಆದರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ, ಇಲಿಜ್ವರವಾಗಿದ್ದರೆ, ಬಸ್ಸಿನಲ್ಲಿ ಕಳೆದ ಒಂದು ರಾತ್ರಿಯೂ ದುಬಾರಿ. ಗರ್ಭಿಣಿಗೆ ಕಾಮಾಲೆಯಾದರಂತೂ ಒಂದು ಗಂಟೆಯೂ ಕಾಯಬೇಡಿ.

ಕಾಮಾಲೆಗೆ ಕೊಡುವ ನೆಲನೆಲ್ಲಿಯ ಬಗ್ಗೆ ಕೇಳುವವರಿಗೆ: 1988ರಲ್ಲಿ ಹೆಪಟೈಟಿಸ್ ಬಿ ಇದ್ದವರಿಗೆ ಅದನ್ನು ಕೊಟ್ಟು ಒಳ್ಳೆಯ ಫಲಿತಾಂಶ ಬಂತು ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿತ್ತು, ಎಲ್ಲರೂ ಕುಣಿದಾಡಿದರು, ಆಮೇಲೆ ಬೇರೆಯವರು ಮಾಡಿ ನೋಡಿದಾಗ ಅಂಥ ಫಲ ಸಿಗಲಿಲ್ಲ.

ಸರ್ಪಸುತ್ತಿಗೆ ಮಂತ್ರಿಸಿ ಕೆಮ್ಮಣ್ಣು ಹಚ್ಚಿದರೆ ಸಾಕಲ್ವಾ?

ಸಾಲದು. ಸರ್ಪಸುತ್ತು ಚಿಕ್ಕಂದಿನ ಸೀತಾಳೆ ಸಿಡುಬಿನ ವೈರಸ್, ಅಂದರೆ ಚಿಕನ್‌ಪಾಕ್ಸ್ ವೈರಸ್, ನರದೊಳಗೆ ಅಡಗಿದ್ದು ಮತ್ತೆ ಏಳುವುದು. ಅದಕ್ಕೆ ಮಾತ್ರೆ ಇದೆ, ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಊರಿಗೆ ಹೋಗಿ ಬರುವಷ್ಟರಲ್ಲಿ ಆ 72 ಗಂಟೆ ಮುಗಿದಿರುತ್ತದೆ. ಗುಳ್ಳೆ ವಾಸಿಯಾದ ಮೇಲೂ ಉರಿ ತಿಂಗಳುಗಟ್ಟಲೆ ಉಳಿದು ನರಳುವವರನ್ನು ನೋಡಿದ್ದೇನೆ. ಕಣ್ಣಿನ ಹತ್ತಿರ ಎದ್ದರೆ ಅವತ್ತೇ ಕಣ್ಣಿನ ಡಾಕ್ಟರ್. ಮಂತ್ರಿಸಿಕೊಂಡರೆ ಮನಸ್ಸಿಗೆ ಸಮಾಧಾನ ಅನ್ನುವುದಾದರೆ ಮಾಡಿಸಿಕೊಳ್ಳಿ, ಮಾತ್ರೆ ನುಂಗಿದ ಮೇಲೆ. ಒಡೆದ ಗುಳ್ಳೆಗೆ ಮಣ್ಣು ಮಾತ್ರ ಬೇಡ.

ಮಂಡಿನೋವಿಗೆ ಒಬ್ಬರು ಪುಡಿ ಕೊಡ್ತಾರೆ. ಎರಡೇ ದಿನದಲ್ಲಿ ನೋವು ಮಾಯ. ಆಯುರ್ವೇದ ಇಷ್ಟು ಬೇಗ ಕೆಲಸ ಮಾಡುತ್ತಾ?

ಅಷ್ಟು ಬೇಗ ಮಾಯವಾದರೆ ನನಗೆ ಭಯವಾಗುತ್ತದೆ. ಇಂಥ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಅಥವಾ ನೋವಿನ ಮಾತ್ರೆ ಕುಟ್ಟಿ ಬೆರೆಸುವುದು ಹಳೇ ಮೋಸ. ತಿಂಗಳುಗಟ್ಟಲೆ ತಿಂದರೆ ಮುಖ ದುಂಡಗೆ ಊದುತ್ತದೆ, ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ.

ಹೆದರಿ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಬಹಳ ದಿನ ಸ್ಟೀರಾಯ್ಡ್ ತಗೊಂಡ ದೇಹ ತಾನು ಅದನ್ನು ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಬೀಳಬಹುದು. ಪುಡಿಯ ಸಮೇತ ಡಾಕ್ಟರ ಹತ್ತಿರ ಬನ್ನಿ, ಅವರು ನಿಧಾನವಾಗಿ ಬಿಡಿಸುತ್ತಾರೆ. ಲೇಬಲ್ ಮೇಲೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಕರ ವಿಳಾಸ ಇಲ್ಲದ್ದನ್ನು ಕೊಳ್ಳಬೇಡಿ. ಲೋಹ, ಖನಿಜ ಸುಟ್ಟು ಮಾಡುವ ಭಸ್ಮಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಅಮೆರಿಕದಲ್ಲಿ ಮಾರುವ ಆಯುರ್ವೇದ ಮದ್ದುಗಳನ್ನು ಪರೀಕ್ಷಿಸಿದಾಗ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು, 2004ರಲ್ಲೂ 2008ರಲ್ಲೂ.

ಹಾಗಾದರೆ ನೀವು ಆಯುರ್ವೇದದ ವಿರೋಧಿನಾ?

ಖಂಡಿತ ಅಲ್ಲ. ಪರೀಕ್ಷೆಗೆ ನಿಂತು ಗೆದ್ದಿದ್ದನ್ನು ಇನ್ನೂ ಜಾಸ್ತಿ ಜನರಿಗೆ ಮುಟ್ಟಿಸಬೇಕು ಅನ್ನುವವಳು ನಾನು.

ಭಗಂದರಕ್ಕೆ ಕ್ಷಾರಸೂತ್ರ ನೋಡಿ. ಗುದದ ಹತ್ತಿರ ಆಗುವ ಫಿಸ್ಟುಲಾ ಅಂದರೆ ಕೂರಲೂ ಆಗದ ಸಂಕಟ, ನಾಚಿಕೆಯಿಂದ ಹೇಳಿಕೊಳ್ಳಲೂ ಆಗುವುದಿಲ್ಲ. ದಾರಕ್ಕೆ ಕಳ್ಳಿಹಾಲು, ಉತ್ತರಾಣಿಯ ಕ್ಷಾರ, ಅರಿಶಿನವನ್ನು ಪದರ ಪದರವಾಗಿ ಲೇಪಿಸಿ ಒಣಗಿಸುತ್ತಾರೆ. ಆ ದಾರವನ್ನು ನಾಳದೊಳಗೆ ಹಾಯಿಸಿ ಕಟ್ಟಿ, ವಾರಕ್ಕೊಮ್ಮೆ ಬದಲಿಸುತ್ತಾರೆ. ದಾರ ನಿಧಾನವಾಗಿ ಕತ್ತರಿಸುತ್ತಾ ಹೋಗುತ್ತದೆ, ಹಿಂದಿನಿಂದ ಗಾಯ ಮಾಯುತ್ತಾ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನು ಹಲವು ಆಸ್ಪತ್ರೆಗಳಲ್ಲಿ ಆಪರೇಷನ್ ಜೊತೆ ಹೋಲಿಸಿ 1991ರಲ್ಲಿ ಪ್ರಕಟಿಸಿತು. ದಾರದಲ್ಲಿ ವಾಸಿಯಾಗಲು 8 ವಾರ, ಆಪರೇಷನ್‌ನಲ್ಲಿ 4 ವಾರ. ಆದರೆ ಮತ್ತೆ ಮರುಕಳಿಸಿದ್ದು ದಾರದಲ್ಲಿ ಶೇ. 4, ಆಪರೇಷನ್‌ನಲ್ಲಿ ಶೇ. 11. ಇಂಥದ್ದು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಇರಬೇಕಿತ್ತು ಅಲ್ವಾ? ಈಗಲೂ ಆಯುರ್ವೇದ ಕಾಲೇಜು ಆಸ್ಪತ್ರೆ ಹುಡುಕಿಕೊಂಡು ಹೋಗಬೇಕು.

ಇನ್ನೊಂದು ಸರ್ಪಗಂಧ. ಮುಂಬೈನ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್ ಕೆಇಎಂ ಆಸ್ಪತ್ರೆಯ ಬಿಪಿ ರೋಗಿಗಳಿಗೆ ಇದರ ಬೇರಿನ ಮಾತ್ರೆ ಕೊಟ್ಟು, ಅಳೆದು ಬರೆದಿಟ್ಟು, 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂರು ವರ್ಷದ ನಂತರ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ಬಿಪಿ ಇಳಿಸುವ ಅಂಶವಾದ ರಿಸರ್ಪಿನ್ ಬೇರ್ಪಡಿಸಿದರು. ಆಮೇಲೆ ಅದರ ಅಡ್ಡಪರಿಣಾಮಗಳೂ, ಮನಸ್ಸು ಕುಗ್ಗುವುದೂ ಸೇರಿ, ಹೊರಬಂದವು. ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಕೈ ಬರೆದಿಡಬೇಕು. ಹಾಗೆ ಬರೆದಿಟ್ಟಿದ್ದರಿಂದಲೇ ಜಗತ್ತು ನಂಬಿತು.

ಯೋಗವನ್ನೂ ಮರೆಯಬಾರದು. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಯೋಗವನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದೆ. ಗಮನಿಸಿ, ಆಪರೇಷನ್, ಕಿಮೋ, ರೇಡಿಯೇಷನ್ ಜೊತೆಗೆ. ಅವುಗಳ ಬದಲಿಗೆ ಅಲ್ಲ.

ಹೋಮಿಯೋಪತಿ?

ನೇರವಾಗಿ ಹೇಳುತ್ತೇನೆ, ಕೆಲವರಿಗೆ ನೋವಾಗಬಹುದು. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಮಂಡಳಿ ಇದ್ದಬದ್ದ ಅಧ್ಯಯನಗಳನ್ನೆಲ್ಲ ನೋಡಿ, ಯಾವ ಕಾಯಿಲೆಗೂ ಇದು ಕೆಲಸ ಮಾಡುತ್ತದೆ ಅನ್ನಲು ನಂಬಬಹುದಾದ ಆಧಾರವಿಲ್ಲ ಅಂತ 2015ರಲ್ಲಿ ಹೇಳಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2017ರಲ್ಲಿ ಬರೆಯಬೇಡಿ ಅಂದಿತು, ಫ್ರಾನ್ಸ್ 2021ರಿಂದ ಹಣ ಕೊಡುವುದನ್ನು ನಿಲ್ಲಿಸಿತು. ನನಗೂ ಅದೇ ಸರಿ ಅನ್ನಿಸುತ್ತದೆ. ಕೋವಿಡ್ ಹೊತ್ತಿನಲ್ಲಿ ನಮ್ಮ ಸೊಸೈಟಿಯಲ್ಲೂ ಆರ್ಸೆನಿಕಮ್ ಆಲ್ಬಮ್ ಸಕ್ಕರೆ ಗುಳಿಗೆ ಹಂಚಿದರು. ಅದನ್ನು ತಿಂದ ಧೈರ್ಯದಲ್ಲಿ ಮಾಸ್ಕ್ ಇಳಿಸಿದವರನ್ನು ಲಿಫ್ಟಿನಲ್ಲಿ ಕಂಡಾಗ ಸಂಕಟವಾಗುತ್ತಿತ್ತು. ಆದರೆ ಒಂದು ಮಾತು ಒಪ್ಪಬೇಕು. ಹೋಮಿಯೋಪತಿ ಡಾಕ್ಟರ್ ಅರ್ಧ ಗಂಟೆ ಕೂತು ಕೇಳುತ್ತಾರೆ. ನಮ್ಮ ಓಪಿಡಿಯಲ್ಲಿ ಸಿಗದ ಆ ಅರ್ಧ ಗಂಟೆಗೇ ಜನ ಹೋಗುವುದು.

ಮಳೆಗಾಲದ ಜ್ವರಕ್ಕೆ ಕಷಾಯ ಕುಡಿದು ಎರಡು ದಿನ ನೋಡಬಹುದಾ?

ಬೇರೆ ಊರಲ್ಲಿ ಹೌದು ಅನ್ನುತ್ತಿದ್ದೆನೋ ಏನೋ, ಜುಲೈ ತಿಂಗಳ ಮುಂಬೈಯಲ್ಲಿ ಬೇಡ. ಮಲೇರಿಯಾ, ಡೆಂಗ್ಯೂ, ಇಲಿಜ್ವರ ಎಲ್ಲವೂ ಶುರುವಾಗುವುದು ಒಂದೇ ಥರ. ಕಷಾಯ ಕುಡಿಯಿರಿ, ಅದರ ಜೊತೆಗೆ ರಕ್ತ ಪರೀಕ್ಷೆಯನ್ನೂ ಮಾಡಿಸಿ. ನಿಂತ ನೀರಿನಲ್ಲಿ ನಡೆದು ಬಂದಿದ್ದರೆ, ಕಾಲಲ್ಲಿ ಗಾಯವಿದ್ದರೆ, ಜ್ವರ ಬರುವ ಮೊದಲೇ, 72 ಗಂಟೆಯೊಳಗೆ, ಮುನ್ಸಿಪಲ್ ದವಾಖಾನೆಗೆ ಹೋಗಿ. ಇಲಿಜ್ವರ ತಡೆಯಲು ಡಾಕ್ಸಿಸೈಕ್ಲಿನ್ ಬೇಕಾ ಅಂತ ನೋಡಿ ಕೊಡುತ್ತಾರೆ. ಡೆಂಗ್ಯೂಗೆ ಪಪ್ಪಾಯಿ ಎಲೆ ರಸ ಕುಡಿಯುವುದಾದರೆ ಹೇಳಿಯೇ ಕುಡಿಯಿರಿ, ಅದನ್ನೇ ನಂಬಿ ಮನೆಯಲ್ಲಿ ಕೂರಬೇಡಿ. ಹೊಟ್ಟೆನೋವು, ಒಸಡಿನಲ್ಲಿ ರಕ್ತ, ಜ್ವರ ಬಿಟ್ಟ ಮೇಲೆ ವಿಪರೀತ ಸುಸ್ತು ಕಂಡರೆ ತಕ್ಷಣ ಅಡ್ಮಿಟ್.

ಇನ್ಶೂರೆನ್ಸ್ ಸಿಗುತ್ತಾ?

2024ರ ಏಪ್ರಿಲ್ 1ರಿಂದ ಆಯುಷ್ ಚಿಕಿತ್ಸೆಯನ್ನೂ ಉಳಿದ ಚಿಕಿತ್ಸೆಗಳ ಸಮಕ್ಕೆ ನೋಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಅಡ್ಮಿಟ್ ಆಗುವ ಮೊದಲೇ ಆ ಆಸ್ಪತ್ರೆ ನಿಮ್ಮ ಪಾಲಿಸಿಗೆ ನಡೆಯುತ್ತದಾ ಅಂತ ಕೇಳಿಕೊಳ್ಳಿ.

ಬೇರೆ ದೇಶದಲ್ಲಿ ಹೇಗೆ ಮಾಡಿದ್ದಾರೆ?

ಚೀನಾದಲ್ಲಿ ಆಧುನಿಕ, ಸಾಂಪ್ರದಾಯಿಕ ಎರಡೂ ಪದ್ಧತಿ ಬೆಳೆಸಬೇಕು ಅಂತ ಸಂವಿಧಾನದಲ್ಲೇ ಇದೆ. ಬ್ರೆಜಿಲ್ 2006ರಲ್ಲಿ ಇಂಥ ಪದ್ಧತಿಗಳನ್ನು ತನ್ನ ಉಚಿತ ಆರೋಗ್ಯ ಸೇವೆಗೆ ಸೇರಿಸಿಕೊಂಡಿತು. ನನಗೆ ಇಷ್ಟವಾದದ್ದು ಥಾಯ್ಲೆಂಡ್. ಅವರು ನಮ್ಮ ನೆಲಬೇವು, ಅರಿಶಿನದಂಥ ಕೆಲವೇ ಗಿಡಮೂಲಿಕೆಗಳನ್ನು ಆರಿಸಿ, ಪ್ಯಾರಸಿಟಮಾಲ್ ಇರುವ ಅದೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದರು. ಆಗ ಸರ್ಕಾರಿ ಆಸ್ಪತ್ರೆಯ ಯಾವ ಡಾಕ್ಟರ್ ಬೇಕಾದರೂ ಅದನ್ನು ಚೀಟಿಯಲ್ಲಿ ಬರೆಯಬಹುದು, ಕಿಟಕಿಯಲ್ಲಿ ನನ್ನಂಥವರು ಕೊಡಬಹುದು.

ನಮ್ಮೂರಿನ ನಾಟಿ ವೈದ್ಯರನ್ನೂ ಸೇರಿಸಬೇಕಲ್ಲವಾ?

ಅವರಿಗೆ ಗೊತ್ತಿರುವುದನ್ನು ಬರೆದಿಡಬೇಕು, ಗೌರವಿಸಬೇಕು, ಅದು ಹೋದರೆ ಮತ್ತೆ ಸಿಗುವುದಿಲ್ಲ. ಆದರೆ ಪದವಿ ಇಲ್ಲದೆ, ನೋಂದಣಿ ಇಲ್ಲದೆ ಪರಂಪರೆಯ ಹೆಸರಿನಲ್ಲಿ ಚಿಕಿತ್ಸೆ ಕೊಡುವಂತಿಲ್ಲ ಅಂತ ಕೇರಳದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮೂಳೆ ಮುರಿದಾಗ ಎಕ್ಸ್‌ರೇ ಇಲ್ಲದೆ ಪಟ್ಟು ಕಟ್ಟಿಸಿ, ಬಿಗಿಯಾಗಿ ರಕ್ತ ನಿಂತು, ಬೆರಳು ಕಪ್ಪಾಗಿ ಬಂದ ಮಗುವನ್ನು ನಾನು ನೋಡಿದ್ದೇನೆ. ಆದ್ದರಿಂದ ಈ ವಿಷಯದಲ್ಲಿ ಭಾವುಕಳಾಗಲಾರೆ.

ಲೋಕಲ್ ಟ್ರೇನಿನಲ್ಲಿ ಶುಗರ್, ಮೂಲವ್ಯಾಧಿ, ಕ್ಯಾನ್ಸರ್ ಗ್ಯಾರಂಟಿ ವಾಸಿ ಅಂತ ಸ್ಟಿಕ್ಕರ್ ಇರುತ್ತಲ್ಲ?

ಶುಗರ್, ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಹಾಕುವುದೇ 1954ರ ಕಾನೂನಿನ ಪ್ರಕಾರ ಅಪರಾಧ. ಫೋಟೋ ತೆಗೆದು ಬಾಂದ್ರಾದಲ್ಲಿರುವ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತಕ್ಕೆ ದೂರು ಕೊಡಿ. ಆ ನಂಬರಿಗೆ ಮಾತ್ರ ಫೋನ್ ಮಾಡಬೇಡಿ.

ಆಯುರ್ವೇದ ಮದ್ದಿನಿಂದ ತೊಂದರೆಯಾದರೆ ಯಾರಿಗೆ ಹೇಳೋದು?

ಮೊದಲು ನಿಮ್ಮ ಡಾಕ್ಟರಿಗೆ. ಇಂಥ ವರದಿಗಳನ್ನು ಸಂಗ್ರಹಿಸಲು ಆಯುಷ್ ಸಚಿವಾಲಯದ ಒಂದು ಜಾಲವೇ ಇದೆ, ಅದರ ಮುಖ್ಯ ಕೇಂದ್ರ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿದೆ. ಫಾರ್ಮ್ ಇದೆ, ತುಂಬಿಸಿ ಕಳಿಸಿ ಅಂತ ಡಾಕ್ಟರನ್ನು ಕೇಳಿ. ಬಾಟಲಿ, ಪೊಟ್ಟಣ, ಬಿಲ್ಲು ಎಸೆಯಬೇಡಿ, ಬ್ಯಾಚ್ ನಂಬರ್ ಇಲ್ಲದೆ ಯಾರೂ ಏನೂ ಹುಡುಕಲಾರರು.

ಸರ್ಕಾರ ಒಂದೇ ಒಂದು ಕೆಲಸ ಮಾಡಬಹುದು ಅಂದರೆ ಏನು ಕೇಳ್ತೀರಿ?

ಕೇಸ್ ಪೇಪರಿನಲ್ಲಿ ಒಂದು ಸಾಲು. "ಬೇರೆ ಮದ್ದು, ಕಷಾಯ, ಪುಡಿ:" ಅಂತ ಅಚ್ಚು ಹಾಕಿ ಪಕ್ಕದಲ್ಲಿ ಜಾಗ ಬಿಡಿ. ಖಾಲಿ ಜಾಗ ಕಂಡರೆ ಕೇಳಲೇಬೇಕಾಗುತ್ತದೆ. ಸಾಲಿನಲ್ಲಿ ನಿಂತಾಗಲೇ ಸಿಸ್ಟರೋ ಸಮಾಜ ಕಾರ್ಯಕರ್ತೆಯೋ ತುಂಬಿಸಬಹುದು. ಹೊಸ ಕಟ್ಟಡ, ಹೊಸ ಹುದ್ದೆ ಆಮೇಲೆ ಬರಲಿ. ಆ ಸಾಲು ನನ್ನ ಅತ್ತೆಯ ಕಾಗದದಲ್ಲಿ ಇದ್ದಿದ್ದರೆ ನಾಲ್ಕು ದಿನದ ಬಾಟಲಿ ಬೇಕಿರಲಿಲ್ಲ.

ಸರಿ, ಮುಂದಿನ ಸಲ ಆಸ್ಪತ್ರೆಗೆ ಬರುವಾಗ ಏನು ತರಲಿ?

ಒಂದು ಬಟ್ಟೆ ಚೀಲ ತಗೊಳ್ಳಿ. ನುಂಗುವ ಮಾತ್ರೆಗಳ ಪಟ್ಟಿ ಬೇಡ, ಮಾತ್ರೆಗಳನ್ನೇ ಹಾಕಿ. ಲೇಹ್ಯದ ಡಬ್ಬಿ, ಅರಿಷ್ಟದ ಬಾಟಲಿ, ಊರಿಂದ ಬಂದ ಪುಡಿಯ ಪೊಟ್ಟಣ, ಹಚ್ಚುವ ಎಣ್ಣೆ, ಫ್ರಿಜ್ಜಿನ ಬಾಗಿಲಲ್ಲಿಟ್ಟ ಕಷಾಯದ ಕಡ್ಡಿ, ಎಲ್ಲವನ್ನೂ. ಹಳೆಯ ಕೇಸ್ ಪೇಪರ್ ಮೇಲೆ ಇರಲಿ. ಕಿಟಕಿಗೆ ಬಂದು ಚೀಲವನ್ನು ಕಟ್ಟೆ ಮೇಲೆ ಸುರಿಯಿರಿ. ಹಿಂದಿನವರು ಗೊಣಗಿದರೆ ಗೊಣಗಲಿ, ನಾನು ಒಂದೊಂದನ್ನೇ ಎತ್ತಿ ನೋಡಿ ಬರೆದುಕೊಳ್ಳುತ್ತೇನೆ.